ಓದುಗರ ಸ್ಪಂದನ: ಬರೀ ಕಾಗದ ಓದುವ ಇಂಟರ್ನ್‌ಶಿಪ್‌ಗೆ ಅಷ್ಟು ದೂರ ಹೋಗಬೇಕಾ?

ಸಮಸ್ಯೆ ಇದಾಗಿತ್ತು: ಕಾನೂನು ಓದಿನ ಕೊನೆಯ ವರ್ಷ. ಬೇರೆ ಬೇರೆ ದೇಶಗಳ ಕೋರ್ಟು, ಪ್ರಾಸಿಕ್ಯೂಟರ್‌ಗಳಿಗೆ ಹಣಕಾಸು ಅಪರಾಧದ ಕೇಸುಗಳಲ್ಲಿ ನೆರವಾಗುವ ಯುರೋಪಿನ ಸಂಸ್ಥೆಯೊಂದರಲ್ಲಿ ಆರು ತಿಂಗಳ ಇಂಟರ್ನ್‌ಶಿಪ್ ಸಿಕ್ಕಿದೆ. ಸಂಬಳ ಇಲ್ಲ. ಕೋರ್ಟಿನ ಮೆಟ್ಟಿಲನ್ನೂ ಹತ್ತುವುದಿಲ್ಲ, ಬರೀ ಕಾಗದ ಓದುವ ಕೆಲಸವಂತೆ. ಹೋಗಲಾ, ಬಿಡಲಾ?

*

ಬರೀ ಕಾಗದ ಅಂದಿರಲ್ಲ, ಅದಕ್ಕೇ ಬರೆಯಲು ಕೂತೆ. ಇಂಥದೇ ಒಂದು ಕಡೆ ನಾನೂ ಇಂಟರ್ನ್ ಆಗಿದ್ದೆ. ಮೊದಲ ತಿಂಗಳು ಬ್ಯಾಂಕ್ ಸ್ಟೇಟ್‌ಮೆಂಟುಗಳನ್ನು ನೋಡಿ ತಾರೀಖು, ಮೊತ್ತ, ಯಾರಿಂದ ಯಾರಿಗೆ ಎಂದು ಎಕ್ಸೆಲ್‌ನಲ್ಲಿ ತುಂಬುವುದೇ ಕೆಲಸ. ಅಳು ಬರುತ್ತಿತ್ತು. ಆಮೇಲೆ ಒಂದು ದಿನ ಬೇರೆ ಬೇರೆ ಹೆಸರಿನ ಮೂರು ಕಂಪನಿಗಳಿಗೆ ಒಂದೇ ವಿಳಾಸ ಇರುವುದು ಕಣ್ಣಿಗೆ ಬಿತ್ತು ನೋಡಿ, ಅವತ್ತಿನಿಂದ ಊಟದ ಹೊತ್ತೂ ನೆನಪಾಗಲಿಲ್ಲ. ಕೇಸು ಯಾವುದು ಅಂತ ಹೇಳುವ ಹಾಗಿಲ್ಲ, ಕೇಳಬೇಡಿ.

ಎಲ್ಲರಿಗೂ ಗೊತ್ತಿರುವ ಕೇಸನ್ನೇ ತಗೊಳ್ಳಿ. ಫಿಲಿಪ್ಪೀನ್ಸಿನ ಅಧ್ಯಕ್ಷನಾಗಿದ್ದು ದೇಶದ ದುಡ್ಡು ದೋಚಿದ ಫರ್ಡಿನಾಂಡ್ ಮಾರ್ಕೋಸ್ ಮತ್ತು ಅವನ ಹೆಂಡತಿ ಇಮೆಲ್ಡಾ 1968ರಲ್ಲಿ ಸ್ವಿಸ್ ಬ್ಯಾಂಕಿನಲ್ಲಿ ಖಾತೆ ತೆರೆದದ್ದು ವಿಲಿಯಂ ಸಾಂಡರ್ಸ್, ಜೇನ್ ರಯಾನ್ ಅನ್ನುವ ಸುಳ್ಳು ಹೆಸರಿನಲ್ಲಿ. 1986ರಲ್ಲಿ ದೇಶ ಬಿಟ್ಟು ಓಡುವಾಗ ಅರಮನೆಯಲ್ಲೇ ಬಿಟ್ಟುಹೋದ ಕಾಗದಗಳಿಂದ ಅದು ಹೊರಬಿತ್ತು. ಸ್ವಿಟ್ಜರ್ಲೆಂಡ್ ಅದೇ ವರ್ಷ ಹಣ ತಡೆಹಿಡಿಯಿತು. ಆದರೆ ಸುಮಾರು 68 ಕೋಟಿ ಡಾಲರ್ ಫಿಲಿಪ್ಪೀನ್ಸಿನ ಕೈ ಸೇರಿದ್ದು 2004ರಲ್ಲಿ. ಹದಿನೆಂಟು ವರ್ಷ! ಈ ಖಾತೆಯ ದುಡ್ಡು ಈ ಅಪರಾಧದಿಂದಲೇ ಬಂದದ್ದು ಎಂದು ಕೊಂಡಿ ಜೋಡಿಸಿ ತೋರಿಸದಿದ್ದರೆ ಹಣ ಇರುವ ದೇಶ, ನೆರವು ಕೇಳಿ ನಾವು ಕಳಿಸಿದ ಕೋರಿಕೆ ಪತ್ರವನ್ನು ವಾಪಸ್ ಕಳಿಸುತ್ತದೆ. ಆ ಕೊಂಡಿ ಜೋಡಿಸುವುದೇ ನಿಮ್ಮ ಕಾಗದದ ಕೆಲಸ. ಆರು ತಿಂಗಳಲ್ಲಿ ಕೇಸಿನ ಕೊನೆ ನೋಡುತ್ತೀರಿ ಅಂತ ಮಾತ್ರ ಅಂದುಕೊಳ್ಳಬೇಡಿ.
– ಹಳೆಯ ಇಂಟರ್ನ್

*

ಮೇಲಿನವರು ಹೇಳಿದ್ದೆಲ್ಲ ಸರಿ, ಬಾಡಿಗೆ ಯಾರು ಕಟ್ಟುತ್ತಾರೆ ಅನ್ನುವುದನ್ನು ಮಾತ್ರ ಹೇಳಲಿಲ್ಲ. ಭ್ರಷ್ಟಾಚಾರದ ವಿರುದ್ಧ ದೊಡ್ಡ ದೊಡ್ಡ ಒಪ್ಪಂದ ಮಾಡಿಸಿದ ವಿಶ್ವಸಂಸ್ಥೆಯೇ ತನ್ನ ಸಚಿವಾಲಯದ ಇಂಟರ್ನ್‌ಗಳಿಗೆ ಸಂಬಳ ಕೊಡುವುದಿಲ್ಲ, ವೀಸಾ, ವಿಮಾನದ ಖರ್ಚೂ ನಮ್ಮದೇ. ವಿಯೆನ್ನಾ, ಪ್ಯಾರಿಸ್, ಬಾಸೆಲ್, ಈ ಕೆಲಸ ನಡೆಯುವ ಊರುಗಳೆಲ್ಲ ದುಬಾರಿ. ನನ್ನ ಗೆಳತಿ ಸಾಲ ಮಾಡಿ ಹೋದಳು, ನಾಲ್ಕನೇ ತಿಂಗಳಿಗೆ ವಾಪಸ್ ಬಂದಳು. ಆರರ ಬದಲು ಮೂರು ತಿಂಗಳು ಆಗುತ್ತದಾ, ಅರ್ಧ ಕೆಲಸ ಮನೆಯಿಂದ ಮಾಡಬಹುದಾ, ನಿಮ್ಮ ಕಾಲೇಜಿನಿಂದ ಏನಾದರೂ ನೆರವು ಸಿಗುತ್ತದಾ, ಇದನ್ನೆಲ್ಲ ಈಗಲೇ ಮೇಲ್ ಬರೆದು ಕೇಳಿ. ಕೇಳಿದ್ದಕ್ಕೆ ಯಾರೂ ಸೀಟು ಕಿತ್ತುಕೊಳ್ಳುವುದಿಲ್ಲ. ನಿಮ್ಮ ಕೆಲಸ ನೋಡಿಕೊಳ್ಳುವವರು ಯಾರು ಅನ್ನುವುದನ್ನೂ ಕೇಳಿ. ಅದಕ್ಕೆ ಸರಿಯಾದ ಉತ್ತರ ಬರದಿದ್ದರೆ ಸುಮ್ನೆ ಬಿಟ್ಟುಬಿಡಿ.
– ಸಾಲ ತೀರಿಸುತ್ತಿರುವವಳ ಗೆಳತಿ

*

ಕೋರ್ಟಿನಲ್ಲಿ ನಿಂತು ವಾದ ಮಾಡುವ ಆಸೆ ಇದ್ದರೆ ಹೋಗಬೇಡಿ. ಒಬ್ಬ ಒಳ್ಳೆಯ ಕ್ರಿಮಿನಲ್ ವಕೀಲರ ಹಿಂದೆ ಆರು ತಿಂಗಳು ಫೈಲು ಹೊರಿ. ಅಷ್ಟೇ.
– ವಕೀಲ

*

ವಕೀಲರ ಮಾತು ನನಗೆ ಒಪ್ಪಿಗೆ ಇಲ್ಲ. ಮೂವತ್ತು ವರ್ಷ ಬ್ಯಾಂಕಿನಲ್ಲಿದ್ದೆ. ವಾದ ಮಾಡಲು ಬರುವ ವಕೀಲರು ಬೇಕಾದಷ್ಟು ಸಿಗುತ್ತಾರೆ, ಸ್ಟೇಟ್‌ಮೆಂಟ್ ಓದಲು ಬರುವವರು ಕಡಿಮೆ. ಕಳ್ಳ ಹಣ ಮೊದಲು ಬ್ಯಾಂಕಿನೊಳಗೆ ಬರುತ್ತದೆ, ಆಮೇಲೆ ಖಾತೆಯಿಂದ ಖಾತೆಗೆ, ದೇಶದಿಂದ ದೇಶಕ್ಕೆ ಸುತ್ತುತ್ತದೆ, ಕೊನೆಗೆ ಮನೆಯಾಗಿಯೋ ವ್ಯಾಪಾರವಾಗಿಯೋ ಮರ್ಯಾದಸ್ಥನ ಹಾಗೆ ಕೂತಿರುತ್ತದೆ. ಹಣದ ಜಾಡು ಹಿಡಿದು ಹೊರಟವರು ಜಾಸ್ತಿ ದಾರಿ ತಪ್ಪುವುದು ನಡುವಿನ ಆ ಸುತ್ತಾಟದಲ್ಲೇ. ಕಂಪನಿ ಯಾರ ಹೆಸರಿನಲ್ಲಿದೆ ಅನ್ನುವುದಕ್ಕಿಂತ ಅದರ ದುಡ್ಡನ್ನು ಯಾರು ಅನುಭವಿಸುತ್ತಿದ್ದಾರೆ ಅಂತ ನೋಡಿ, ಬೇನಾಮಿ ಅಂದರೆ ಅದೇ ಅಲ್ವಾ?

ಹೋಗುವುದಾದರೆ ಈಗಿನಿಂದಲೇ ಸ್ವಲ್ಪ ಫ್ರೆಂಚ್ ಕಲಿಯಿರಿ, ಆಫ್ರಿಕಾದ ಎಷ್ಟೋ ದೇಶಗಳ ಕೋರ್ಟಿನ ಕಾಗದ ಆ ಭಾಷೆಯಲ್ಲೇ ಇರುತ್ತದೆ. ಮತ್ತೆ ಅಲ್ಲಿ ಕಂಡದ್ದನ್ನು ಮನೆಯವರ ಹತ್ತಿರವೂ ಹೇಳಬೇಡಿ, ಸ್ಟೇಟಸ್‌ನಲ್ಲಂತೂ ಬೇಡವೇ ಬೇಡ.
– ನಿವೃತ್ತ ಬ್ಯಾಂಕ್ ಅಧಿಕಾರಿ