ಕಿವಿನೋವಿನ ಫಾರ್ವರ್ಡ್: ನಮ್ಮ ಮನೆಯ ಗುಂಪಿನಲ್ಲಿ ನಡೆದ ಚರ್ಚೆ

ದೊಡ್ಡಪ್ಪ (ಯಲಹಂಕ): ಈಗ ಬಂದ ಸಂದೇಶವನ್ನು ಎಲ್ಲರೂ ಓದಿ. “ಮಕ್ಕಳ ಕಿವಿನೋವು ತಾನಾಗಿಯೇ ವಾಸಿಯಾಗುತ್ತದೆ, ಆಂಟಿಬಯಾಟಿಕ್ ಕೊಡಲೇಬೇಡಿ, ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಎರಡು ತೊಟ್ಟು ಬಿಡಿ.”

ಅತ್ತೆ (ಜಯನಗರ): ಅಣ್ಣಾ, ಇದನ್ನು ನಂಬಿ ಮಗುವನ್ನು ರಾತ್ರಿಯಿಡೀ ಅಳಿಸುವುದೇ? ದೀಪಾವಳಿಯಲ್ಲಿ ಮೊಮ್ಮಗನಿಗೆ ಬರೆದುಕೊಟ್ಟಿದ್ದ ಆಂಟಿಬಯಾಟಿಕ್ ಸಿರಪ್ ಅರ್ಧ ಬಾಟಲಿ ಫ್ರಿಜ್ಜಿನಲ್ಲಿದೆ. ನಿನ್ನೆಯಿಂದ ಕಿವಿ ಉಜ್ಜಿಕೊಳ್ಳುತ್ತಿದ್ದಾನೆ. ಇವತ್ತೇ ಅದನ್ನು ಶುರು ಮಾಡುತ್ತೇನೆ.

ನಾನು: ದೊಡ್ಡಪ್ಪ, ಸಂದೇಶದ ಮೊದಲ ಮಾತು ಬಹುಮಟ್ಟಿಗೆ ನಿಜ. ಮಧ್ಯಕಿವಿಯ ಸೋಂಕಿನ ಬಗೆಗಿನ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ ಕೊಕ್ರೇನ್ ಎಂಬ ಅಂತರರಾಷ್ಟ್ರೀಯ ಸಂಶೋಧನಾ ಜಾಲದ ಪರಾಮರ್ಶೆಯ ಪ್ರಕಾರ, ಸುಮಾರು 20 ಮಕ್ಕಳಿಗೆ ಆಂಟಿಬಯಾಟಿಕ್ ಕೊಟ್ಟರೆ ಎರಡು ಮೂರು ದಿನಗಳಲ್ಲಿ ಅದರಿಂದಾಗಿಯೇ ನೋವು ತಪ್ಪುವುದು ಒಂದು ಮಗುವಿಗೆ. ಸುಮಾರು 14 ಮಕ್ಕಳಲ್ಲಿ ಒಂದಕ್ಕೆ ಅದೇ ಔಷಧದಿಂದ ವಾಂತಿ, ಭೇದಿ ಅಥವಾ ಮೈಮೇಲೆ ದದ್ದು ಬರುತ್ತದೆ.

ಆದರೆ ‘ಕೊಡಲೇಬೇಡಿ’ ಎಂಬುದನ್ನು ನಾನು ಒಪ್ಪಲಾರೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯ 2013ರ ಮಾರ್ಗಸೂಚಿ 48ರಿಂದ 72 ಗಂಟೆ ಕಾದು ನೋಡಲು ಅವಕಾಶ ಕೊಡುವುದು ಸೌಮ್ಯ ಸೋಂಕಿಗೆ ಮಾತ್ರ. ಕಿವಿ ಸೋರುತ್ತಿದ್ದರೆ, ನೋವು ತೀವ್ರವಾಗಿದ್ದರೆ, ಜ್ವರ 39 ಡಿಗ್ರಿ ಸೆಲ್ಸಿಯಸ್ ಮುಟ್ಟಿದ್ದರೆ ಅಥವಾ ಎರಡು ವರ್ಷದೊಳಗಿನ ಮಗುವಿನ ಎರಡೂ ಕಿವಿಗಳಿಗೆ ಸೋಂಕು ತಗುಲಿದ್ದರೆ ಕಾಯದೆ ಔಷಧ ಕೊಡಬೇಕೆಂದು ಅದು ಹೇಳುತ್ತದೆ.

ದೊಡ್ಡಪ್ಪ: ನಮ್ಮಮ್ಮ ನಮಗೆಲ್ಲ ಎಣ್ಣೆ ಬಿಟ್ಟೇ ಬೆಳೆಸಿದಳು. ಯಾರಿಗೂ ಏನೂ ಆಗಲಿಲ್ಲ.

ನಾನು: ಅಜ್ಜಿಯ ಕಾಳಜಿಯ ಬಗ್ಗೆ ಎರಡು ಮಾತಿಲ್ಲ. ಆದರೆ ಸೋಂಕಿರುವುದು ಕಿವಿಯ ತಮಟೆಯ, ಅಂದರೆ ಕಿವಿಯೊಳಗಿನ ತೆಳು ಪರದೆಯ, ಆಚೆ. ಎಣ್ಣೆ ಈಚೆಯೇ ನಿಲ್ಲುತ್ತದೆ. ತಮಟೆ ತೂತಾಗಿದ್ದರೆ ಮಾತ್ರ ಒಳಗೆ ಹೋಗುತ್ತದೆ, ಆಗಂತೂ ಅದು ಹೋಗಲೇಬಾರದು. ನನ್ನ ಮಗಳು ಒಂದು ರಾತ್ರಿ ಅತ್ತು ಅತ್ತು, ನಸುಕಿನಲ್ಲಿ ಇದ್ದಕ್ಕಿದ್ದಂತೆ ಸುಮ್ಮನಾದಳು. ವಾಸಿಯಾಯಿತೆಂದು ನಾನು ನಿಟ್ಟುಸಿರು ಬಿಟ್ಟೆ. ಬೆಳಕು ಹರಿದ ಮೇಲೆ ನೋಡಿದರೆ ದಿಂಬಿನ ಕವರಿನ ಮೇಲೆ ಅಂಗೈಯಗಲ ಹಳದಿ ಕಲೆ. ಕಿವಿಯ ತಮಟೆ ಒಡೆದು, ಒಳಗಿನ ಒತ್ತಡ ಇಳಿದು ನೋವು ನಿಂತಿತ್ತು. ಅಂದು ವೈದ್ಯರು ಅಮಾಕ್ಸಿಸಿಲಿನ್ ಎಂಬ ಆಂಟಿಬಯಾಟಿಕ್ ಬರೆದರು, ಅದು ಬೇಕೇ ಇತ್ತು.

ಅತ್ತೆ, ಆ ಬಾಟಲಿಯನ್ನು ದಯವಿಟ್ಟು ಮುಟ್ಟಬೇಡಿ. ನೀರು ಬೆರೆಸಿದ ಸಿರಪ್ ಒಂದೆರಡು ವಾರಕ್ಕಿಂತ ಹೆಚ್ಚು ಬಾಳುವುದಿಲ್ಲ, ಮೇಲಾಗಿ ಅದರ ಪ್ರಮಾಣ ಮಗುವಿನ ಅಂದಿನ ತೂಕಕ್ಕೆ ಬರೆದದ್ದು.

ಅತ್ತೆ: ಲೇಬಲ್ ಓದಿದೆ, ಏಳು ದಿನ ಎಂದಿದೆ. ಚೆಲ್ಲಿಬಿಡುತ್ತೇನೆ. ಆದರೆ ರಾತ್ರಿ ಎರಡು ಗಂಟೆಗೆ ಅವನು ಅತ್ತರೆ?

ನಾನು: ಅವನ ಈಗಿನ ತೂಕಕ್ಕೆ ತಕ್ಕಷ್ಟು ಪ್ಯಾರಾಸಿಟಮಾಲ್ ಕೊಡಿ, ಕಾಯುವುದೆಂದರೆ ನೋವನ್ನು ಸಹಿಸು ಎನ್ನುವುದಲ್ಲ. ಬೆಳಗ್ಗೆ ಮಕ್ಕಳ ವೈದ್ಯರಲ್ಲಿ ಎರಡೂ ಕಿವಿಗಳ ಒಳಗೆ ನೋಡಿಸಿ. ಒಂದೂವರೆ ವರ್ಷದ ಮಗುವಾದ್ದರಿಂದ ಎರಡೂ ಕಿವಿ ಎಂಬುದನ್ನು ಮರೆಯಬೇಡಿ.