ಪಾಲಿನ ಅಡಿಯಲ್ಲಿ ನಿನ್ನೆಯ ಬಂಗಡೆ ಇಡುವವಳೂ ಸಂತಳಾಗಬಹುದಾ?

ಬುಟ್ಟಿಬಾಯಿ, ಹೊನ್ನಾವರ
ಮಗಳ ಫೋನಲ್ಲಿ ಬರೀತಿದ್ದೇನೆ, ತಪ್ಪಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ. ನವೆಂಬರ್ 1ರ ಸಕಲ ಸಂತರ ಹಬ್ಬದ ಪೂಜೆಯಲ್ಲಿ ಫಾದರ್ ಹೇಳಿದ್ರು, ಸಂತರಾಗುವ ಕರೆ ಪಾದ್ರಿ-ಸಿಸ್ಟರುಗಳಿಗೆ ಮಾತ್ರ ಅಲ್ಲ, ಎಲ್ಲರಿಗೂ ಅಂತ. ನನಗೆ ಒಳಗೊಳಗೇ ನಗು ಬಂತು. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಕಾಸರಕೋಡ ಬಂದರಕ್ಕೆ ಹೋಗಿ, ಹರಾಜಲ್ಲಿ ಗಂಟಲು ಹರಿದು ಮೀನು ತರುವವಳು ನಾನು. ರಾತ್ರಿ ತೇರ್ಸ್, ಅಂದ್ರೆ ಜಪಮಾಲೆ ಪ್ರಾರ್ಥನೆ, ಹೇಳುವಾಗ ಮೂರನೇ ರಹಸ್ಯಕ್ಕೇ ತೂಕಡಿಕೆ.

ಇನ್ನೊಂದು ಉಂಟು. ಮಾರಲು ಗುಪ್ಪೆ ಹಾಕಿಡ್ತೇವಲ್ಲ, ಆ ಪಾಲು, ನಿನ್ನೆ ಉಳಿದ ಐಸಿನ ಬಂಗಡೆ ಅದರ ಅಡಿಗೆ, ಇವತ್ತಿನದ್ದು ಮೇಲೆ. 18 ವರ್ಷದಿಂದ ಹೀಗೇ. ಪಾಪನಿವೇದನೆಯಲ್ಲಿ ಒಮ್ಮೆಯೂ ಹೇಳಿದ್ದಿಲ್ಲ, ವ್ಯಾಪಾರ ಅಂದ್ಕೊಂಡಿದ್ದೆ. ಫಾದರ್ ಹೇಳಿದ ಆ ಮಾತು ಕೇಳಿದ ಮೇಲೆ ಯಾಕೋ ಕೈ ಅಳುಕ್ತದೆ. ನನ್ನಂಥವಳಿಗೆ ದಾರಿ ತೋರಿಸುವ ಸಂತರು ಯಾರಾದ್ರೂ ಇದ್ದಾರಾ? ಕಪಾಟಿನ ಮೇಲಿರುವ ಸಂತ ಅಂತೋನಿ ಹತ್ರ ಕಳೆದ ಕೀಲಿಕೈ ಕೇಳೋದು ಬಿಟ್ಟರೆ ನನಗೆ ಬೇರೆ ವ್ಯವಹಾರ ಇಲ್ಲ.

ಜಪಸರ, ಕಾರವಾರ
ಐದು ದಿನದ ಧ್ಯಾನಕೂಟಕ್ಕೆ ಬನ್ನಿ ಬಾಯಿ. ಎಲ್ಲ ಸರಿಹೋಗ್ತದೆ.

ಬುಟ್ಟಿಬಾಯಿ
ಐದು ದಿನ ಮೀನು ನೀವು ಮಾರ್ತೀರಾ?

ರಿಟೈರ್ಡ್ ಮಾಸ್ತರ್, ಕುಮಟಾ
ಫಾದರ್ ಹೇಳಿದ್ದು ಅವರ ಸ್ವಂತ ಮಾತಲ್ಲ. ಕಥೋಲಿಕ ಬಿಷಪರ ಎರಡನೇ ವ್ಯಾಟಿಕನ್ ಮಹಾಸಭೆ 1964ರಲ್ಲಿ ಹೊರಡಿಸಿದ 'ಲೂಮೆನ್ ಜೆನ್ಷಿಯುಮ್' ಅನ್ನೋ ದಾಖಲೆಯ ಐದನೇ ಅಧ್ಯಾಯ ಪೂರ್ತಿ ಇದೇ ವಿಷಯ. ಆದ್ರೆ ನಿಮ್ಮ ಬಂಗಡೆಯ ಲೆಕ್ಕ ಇರೋದು ಬೈಬಲಿನ ಯಾಜಕಕಾಂಡದ 19ನೇ ಅಧ್ಯಾಯದಲ್ಲಿ. 'ನಾನು ಪರಿಶುದ್ಧ, ನೀವೂ ಪರಿಶುದ್ಧರಾಗಿರಿ' ಅನ್ನೋ ಎರಡನೇ ವಚನವನ್ನು ದೇವರು ಇಸ್ರಯೇಲರ ಇಡೀ ಸಮುದಾಯಕ್ಕೆ ಹೇಳಿಸ್ತಾನೆ, ಯಾಜಕರಿಗಷ್ಟೇ ಅಲ್ಲ. ಹಾಗೇ ಮುಂದೆ ಓದಿ. ಸಬ್ಬತ್ತು ಅನ್ನೋ ವಿಶ್ರಾಂತಿಯ ದಿನ, ಬಲಿಯ ಮಾತು ಬರ್ತದೆ, ಸರಿ. ಜೊತೆಗೇ ಗದ್ದೆಯ ಅಂಚಿನ ಪೈರು ಬಡವರಿಗೆ ಬಿಡು ಅಂತದೆ, ಕೂಲಿಯವನ ಕೂಲಿ ಬೆಳಗಿನ ತನಕ ಇಟ್ಕೋಬೇಡ ಅಂತದೆ. 35, 36ನೇ ವಚನಕ್ಕೆ ಬಂದ್ರೆ ತಕ್ಕಡಿ, ತೂಕದ ಕಲ್ಲು, ಅಳತೆಯ ಪಾತ್ರೆ! ಪರಿಶುದ್ಧತೆ ಸಂತೆಗೇ ಬಂದು ಕೂತಿದೆ.

ನಾನು ಎಷ್ಟೋ ವರ್ಷ ಮಕ್ಕಳಿಗೆ ಧರ್ಮೋಪದೇಶ ಹೇಳಿದವ. ಎರಡನೇ ವಚನ ಬಾಯಿಪಾಠ ಮಾಡಿಸ್ತಿದ್ದೆ, ಹಾಳೆ ತಿರುಗಿಸಲಿಲ್ಲ. ನಮ್ಮಪ್ಪನದ್ದು ಕಿರಾಣಿ ಅಂಗಡಿ, ಅದಕ್ಕೇ ಇರಬೇಕು.

ಹೊಲಿಗೆ ಯಂತ್ರ, ಶಿರಸಿ
ಬಾಯಿ, ಕಸುಬಿನ ಸಂತರು ಬೇಕಂದ್ರೆ ಝೆಲಿ ಮಾರ್ಟಿನ್ ಕಥೆ ಕೇಳಿ. ಫ್ರಾನ್ಸಿನ ಅಲೆನ್ಸಾನ್ ಊರಲ್ಲಿ ಲೇಸು ಮಾಡಿಸಿ ಮಾರ್ತಿದ್ದಳು. ಗಂಡ ಲೂಯಿ ಗಡಿಯಾರದ ಕೆಲಸದವ, ಭಾನುವಾರ ಗಿರಾಕಿ ಬಂದ್ರೂ ಅಂಗಡಿ ಬಾಗಿಲು ತೆಗೀತಿರಲಿಲ್ಲ. ಒಂಬತ್ತು ಮಕ್ಕಳಲ್ಲಿ ನಾಲ್ಕನ್ನು ಎಳವೆಯಲ್ಲೇ ಕಳಕೊಂಡರು. ಈ ಹಾಳು ಲೇಸಿನಿಂದ ನನ್ನ ಜೀವ ಹಣ್ಣಾಯ್ತು ಅನ್ನೋ ಅರ್ಥದಲ್ಲಿ ಅವಳೇ ಪತ್ರ ಬರೆದಿದ್ದಾಳೆ. ಮದುವೆ ಸೀಸನ್ನಿನಲ್ಲಿ ಬ್ಲೌಸಿನ ರಾಶಿ ಎದುರು ಕೂತು ನಾನು ಅನ್ನೋದೂ ಅದೇ, ಸ್ವಲ್ಪ ಕೆಟ್ಟ ಭಾಷೆಯಲ್ಲಿ. 2015ರ ಅಕ್ಟೋಬರ್ 18ರಂದು ಪೋಪ್ ಫ್ರಾನ್ಸಿಸ್ ಗಂಡ-ಹೆಂಡತಿ ಇಬ್ಬರನ್ನೂ ಒಟ್ಟಿಗೇ ಸಂತರೆಂದು ಘೋಷಿಸಿದ್ರು. ಇವರ ಕಿರಿ ಮಗಳೇ ಲಿಸ್ಯೂವಿನ ಸಂತ ತೆರೆಜಾ. ನಮ್ಮನೇಲಿ ಮಗಳ ಪಟ ಉಂಟು, ಅಪ್ಪ-ಅಮ್ಮನದ್ದು ಇಲ್ಲ ನೋಡಿ.

ಬುಟ್ಟಿಬಾಯಿ
ಮಾಸ್ತರ್, ನಿನ್ನೆ ಹಳೇದನ್ನು ಬೇರೆ ಪಾಲು ಹಾಕಿ, 'ಇದು ಐಸಿಂದು' ಅಂತ ಹೇಳಿಯೇ ಅರ್ಧ ದರಕ್ಕೆ ಇಟ್ಟೆ. ಐದರಲ್ಲಿ ಎರಡು ಪಾಲು ಹೋಯ್ತು. ಪಕ್ಕದ ಬುಟ್ಟಿಯವಳು ಇವತ್ತೂ ನನ್ನ ಹತ್ರ ಮಾತಿಲ್ಲ, ಗಿರಾಕಿಗಳು ಈಗ ಅವಳ ಪಾಲನ್ನೂ ಎತ್ತಿ ಅಡಿ ನೋಡ್ತಿದ್ದಾರಂತೆ. ಉಳಿದ ಮೂರಕ್ಕೆ ಉಪ್ಪು ಹಾಕಿ ಒಣಗಲು ಹಾಕಿದ್ದೇನೆ. ಒಣಮೀನು ಮಾರುವಾಗಲೂ ಯಾವ ದಿನದ್ದು ಅಂತ ಹೇಳಬೇಕಾ? 19ರಲ್ಲಿ ಸ್ವಲ್ಪ ನೋಡಿ ಹೇಳಿ.