7 ಎಲ್‌ಇಡಿ ಟಾರ್ಚ್ ಎರಡೇ ನಿಮಿಷಕ್ಕೆ ಆಫ್, ತಲೆ ಕೆಟ್ಟೋಗಿದೆ

ಕಾಫಿಗಿಡ
ಎಲ್ರಿಗೂ ನಮಸ್ಕಾರ. ಎರಡು ವಾರದಿಂದ ಇದೇ ಕೆಲ್ಸ ಆಗೋಗಿದೆ. 10 ವಾಟ್‌ನ 7 ಎಲ್‌ಇಡಿ ಹಾಕಿ ದೊಡ್ಡ ಟಾರ್ಚ್ ಮಾಡಿದೀನಿ. ಹಾಕಿದ ತಕ್ಷಣ ಅಂಗಳ ಹಗಲಾಗುತ್ತೆ. ಎರಡು ನಿಮಿಷ ಕಳೆದ್ರೆ ಸ್ವಲ್ಪ ಮಂಕಾಗಿ ಟಪ್ ಅಂತ ಏಳೂ ಒಟ್ಟಿಗೆ ಆಫ್. ಆಫ್ ಮಾಡಿ ಸ್ವಲ್ಪ ಹೊತ್ತು ಬಿಟ್ಟು ಹಾಕಿದ್ರೆ ಮತ್ತೆ ಹತ್ತುತ್ತೆ, ಆದ್ರೆ ಅರ್ಧ ನಿಮಿಷ ಅಷ್ಟೇ. ಸ್ವಿಚ್ ಎರಡು ಸಲ ಬದಲಾಯಿಸಿದೆ, ವೈರೆಲ್ಲ ಬಿಚ್ಚಿ ಮತ್ತೆ ಬೆಸುಗೆ ಹಾಕಿದೆ. ಏನೂ ಉಪಯೋಗ ಇಲ್ಲ. ಸಕಲೇಶಪುರದ ಹತ್ರ ತೋಟ, ರಾತ್ರಿ ಆನೆ ಬರ್ತಿದೆ, ಬೆಳಕಿಲ್ದೆ ಹೊರಗೆ ಕಾಲಿಡಂಗಿಲ್ಲ. ಇಲ್ಲೀವರೆಗೆ 900 ರೂಪಾಯಿ ಆಗಿದೆ, ಇನ್ನು ಜಾಸ್ತಿ ಹಾಕೋ ಸ್ಥಿತಿ ಇಲ್ಲ. ಏನು ತಪ್ಪಾಗಿರಬಹುದು?

ಹೀಟ್‌ಸಿಂಕ್‌ಪ್ರೇಮಿ
ಬಿಸಿ. ಇನ್ನೇನೂ ಅಲ್ಲ. 70 ವಾಟ್ ಅಂದ್ರೆ ಕಾದ ಸೋಲ್ಡರಿಂಗ್ ಐರನ್ ಕೈಲಿ ಹಿಡ್ಕೊಂಡ ಹಾಗೆ. ಎಲ್‌ಇಡಿ ಯಾವುದರ ಮೇಲೆ ಕೂರಿಸಿದೀರಿ? ಬಿಸಿ ಸಾಗಿಸೋ ಥರ್ಮಲ್ ಪೇಸ್ಟ್ ಹಾಕಿದೀರಾ?

ಓಮಣ್ಣ
ಯಾವ ಎಲ್‌ಇಡಿ, ಸೀರೀಸಾ ಪ್ಯಾರಲಲ್ಲಾ, ಕರೆಂಟ್ ಹಿಡಿತದಲ್ಲಿಡೋ ಡ್ರೈವರ್ ಯಾವುದು, ಬ್ಯಾಟರಿ ಯಾವುದು? ಇಷ್ಟೂ ಹೇಳ್ದೆ ಯಾರಿಗೂ ಏನೂ ಹೇಳಕ್ಕಾಗಲ್ಲ.

ಕಾಫಿಗಿಡ
10 ವಾಟಿಂದು ಅಂತ ಮೇಲೇ ಬರೆದಿದೀನಲ್ಲ ಸಾರ್. ಬಿಳಿ. ಏಳೂ ಪ್ಯಾರಲಲ್. ಡ್ರೈವರ್ ಅಂತ ಏನಿಲ್ಲ, ಸ್ವಿಚ್ಚಿಂದ ಸೀದಾ. ಬ್ಯಾಟರಿ ಫುಲ್ ಚಾರ್ಜ್ ಇದೆ, ಅದರ ಪ್ರಾಬ್ಲಂ ಅಲ್ಲ.

ಕರಾವಳಿಕರೆಂಟ್
ಅಯ್ಯೋ ಮಾರಾಯ್ರೆ, ಡ್ರೈವರ್ ಇಲ್ಲದೆ ಪ್ಯಾರಲಲ್ಲಾ? 10 ವಾಟಿನ ಎಲ್‌ಇಡಿ 3 ವೋಲ್ಟಿಗೆ 3 ಆಂಪ್ ಎಳೀತದೆ. ಏಳಕ್ಕೆ 21 ಆಂಪ್! ಯಾವ ಸೆಲ್ ಕೊಡ್ತದೆ ಇಷ್ಟು? ಎರಡೆರಡು ಸೀರೀಸ್ ಮಾಡಿ ವೋಲ್ಟೇಜ್ ಇಳಿಸುವ ಒಂದು ಬಕ್ ಕನ್ವರ್ಟರ್ ಹಾಕಿ.

ಹೀಟ್‌ಸಿಂಕ್‌ಪ್ರೇಮಿ
21 ಆಂಪ್ ಅಂದ್ರೆ ಇನ್ನೂ ಬಿಸಿ. ನಾನು ಹೇಳಿದ್ದೇ ಆಯ್ತಲ್ಲ.

ಹುಬ್ಳಿಬಲ್ಬ್
ಅಣ್ಣಾ, ಏಳನ್ನ ಎರಡೆರಡು ಮಾಡಿದ್ರ ಒಂದು ಉಳೀತೈತಿ. ಅದನ್ನೇನು ಜೇಬಿನ್ಯಾಗ ಇಟ್ಕೋಬೇಕಾ? ಮೊದಲ ಫೋಟೋ ಹಾಕ್ರಿ.

ಕಾಫಿಗಿಡ
ಫೋಟೋ ಹಾಕಿದೀನಿ ನೋಡಿ. ಬೆಂಗಳೂರಿನ ಎಸ್‌ಪಿ ರೋಡಲ್ಲಿ ತಂದಿದ್ದು, ಚೌಕದ ಹಳದಿ ಚಿಪ್. ಸ್ಟೀಲ್ ಡಬ್ಬದ ಮುಚ್ಚಳದ ಮೇಲೆ ಸ್ಕ್ರೂ ಹಾಕಿ ಕೂರಿಸಿದೀನಿ, ಥರ್ಮಲ್ ಪೇಸ್ಟ್ ಇದೆ.

ಓಮಣ್ಣ
ಅಲ್ಲಿಗೆ ಕರಾವಳಿಯವರ 21 ಆಂಪ್ ಲೆಕ್ಕ ಹೋಯ್ತು. ಇದು 3 ವೋಲ್ಟಿನ ಎಲ್‌ಇಡಿ ಅಲ್ಲ. ಹಳದಿ ಒಳಗೆ 3 ಸಾಲಿನಲ್ಲಿ 3 ಚುಕ್ಕಿ ಕಾಣ್ತಿವೆ, 9ರಿಂದ 12 ವೋಲ್ಟಿನ ಸಿಒಬಿ ಚಿಪ್ (ಒಂದೇ ಬಿಲ್ಲೆ ಮೇಲೆ ಸಾಲಾಗಿ ಸಣ್ಣ ಎಲ್‌ಇಡಿ ಕೂರಿಸಿದ್ದು). ಒಂದಕ್ಕೆ ಸುಮಾರು 0.9 ಆಂಪ್, ಏಳಕ್ಕೆ ಆರು ಚಿಲ್ಲರೆ. ಈಗ ದಯವಿಟ್ಟು ಬ್ಯಾಟರಿ ಯಾವುದು ಹೇಳಿ. ಎರಡನೇ ಸಲ ಕೇಳ್ತಾ ಇದೀನಿ.

ಹೀಟ್‌ಸಿಂಕ್‌ಪ್ರೇಮಿ
ಸ್ಟೀಲ್ ಮುಚ್ಚಳ!!! ಅಲ್ಯೂಮಿನಿಯಂ ಸಾಗಿಸೋ ಶಾಖದಲ್ಲಿ ಹತ್ತರಲ್ಲಿ ಒಂದು ಪಾಲೂ ಸ್ಟೇನ್‌ಲೆಸ್ ಸ್ಟೀಲ್ ಸಾಗಿಸಲ್ಲ. ಕೇಸ್ ಮುಗೀತು.

ಓಮಣ್ಣ
ಮುಗೀಲಿಲ್ಲ. ಆ ಚಿಪ್ ಒಳಗೆ ಬಿಸಿ ನೋಡಿ ಆಫ್ ಮಾಡೋ ಸರ್ಕ್ಯೂಟ್ ಇಲ್ಲ. ಬಿಸಿ ಜಾಸ್ತಿ ಆದ್ರೆ ಒಂದೊಂದಾಗಿ ಸಾಯ್ತವೆ, ಏಳೂ ಒಂದೇ ಕ್ಷಣ ಆಫ್ ಆಗಿ ಐದು ನಿಮಿಷಕ್ಕೆ ಎದ್ದು ಕೂರಲ್ಲ. ಹಾಗೆ ಮಾಡೋದು ಸೆಲ್ ವೋಲ್ಟೇಜ್ ತೀರಾ ಇಳಿದ್ರೆ ಕರೆಂಟ್ ಕಟ್ ಮಾಡೋ ಬ್ಯಾಟರಿ ಪ್ರೊಟೆಕ್ಷನ್ ಬೋರ್ಡು.

ಹೀಟ್‌ಸಿಂಕ್‌ಪ್ರೇಮಿ
ಬೋರ್ಡಿಗೂ ಬಿಸಿ ತಾಗುತ್ತಲ್ವಾ ಸ್ವಾಮಿ?

ಕತ್ತಲೆರಾಯ
ನಂದು 12 ಚಿಪ್ಪಿನ ಟಾರ್ಚ್, ಹಳೇ ಕಂಪ್ಯೂಟರ್ ಪ್ರೊಸೆಸರಿನ ಕೂಲರ್ ಫ್ಯಾನ್ ಸಮೇತ. ಮೂರು ವರ್ಷದಿಂದ ಒಂದು ಕಂಪ್ಲೇಂಟ್ ಇಲ್ಲ. ಗಣಪತಿ ಬಿಡೋವಾಗ ಇಡೀ ಕೆರೆಗೆ ಬೆಳಕು ಕೊಟ್ಟಿದೆ. ವಿಡಿಯೋ ಬೇಕಿದ್ರೆ ಹಾಕ್ತೀನಿ.

ಹುಬ್ಳಿಬಲ್ಬ್
ಬ್ಯಾಡ್ರಿ.

ಕಾಫಿಗಿಡ
ಬ್ಯಾಟರಿ ಹಳೇ ಲ್ಯಾಪ್‌ಟಾಪಿಂದು. ಆರು 18650 ಲಿಥಿಯಂ ಸೆಲ್, ಎರಡೆರಡು ಪ್ಯಾರಲಲ್ ಜೋಡಿಸಿ ಆ ಮೂರು ಜೋಡಿ ಸೀರೀಸ್. ಮೂರು ಸೆಲ್ಲಿನ ಬಿಎಂಎಸ್ ಬೋರ್ಡ್ (ನೀವು ಹೇಳಿದ ಪ್ರೊಟೆಕ್ಷನ್ ಬೋರ್ಡೇ) 120 ರೂಪಾಯಿಗೆ ತಂದು ಹಾಕಿದೆ, ಅದರ ಮೇಲೆ 20 ಆಂಪ್ ಅಂತ ಬರೆದಿದೆ. ಸೆಟ್‌ಟಾಪ್ ಬಾಕ್ಸಿನ 12 ವೋಲ್ಟ್ ಅಡಾಪ್ಟರಲ್ಲಿ ಚಾರ್ಜ್. ಇದು ಮುಖ್ಯ ಅನ್ಕೊಂಡಿರ್ಲಿಲ್ಲ.

ಓಮಣ್ಣ
ಇದೇ ಮುಖ್ಯ ಮಾರಾಯ. ಆ ಸೆಲ್‌ಗಳು ಲ್ಯಾಪ್‌ಟಾಪಲ್ಲಿ ಅಷ್ಟು ವರ್ಷ ದುಡಿದು ಸುಸ್ತಾದ ಮೇಲೆ ತಾನೆ ಹೊರಗೆ ಬಂದಿದ್ದು? ಈಗ ಒಂದೊಂದರಿಂದ 3 ಆಂಪ್ ಮೇಲೆ ಕೇಳ್ತಿದೀರಿ. ಮೂರು ಜೋಡಿಯಲ್ಲಿ ಒಂದು ಸೋತ್ರೂ ಬೋರ್ಡ್ ಎಲ್ಲವನ್ನೂ ಕಟ್ ಮಾಡುತ್ತೆ. ಲೋಡ್ ತೆಗೆದ ತಕ್ಷಣ ಅದೇ ಜೋಡಿಯ ವೋಲ್ಟೇಜ್ ಮತ್ತೆ ಮೇಲೇರಿ ಒಳ್ಳೆಯವರ ಥರ ಮುಖ ಮಾಡ್ಕೊಂಡು ಕೂರುತ್ತೆ, ಅದಕ್ಕೇ ನಿಮಗೆ ಫುಲ್ ಇದೆ ಅನ್ಸಿದ್ದು. ಟಾರ್ಚ್ ಉರೀತಿರುವಾಗಲೇ ಮೂರೂ ಜೋಡಿಯ ವೋಲ್ಟೇಜ್ ಬೇರೆಬೇರೆ ಅಳೀರಿ.

ಕರಾವಳಿಕರೆಂಟ್
ಸೆಟ್‌ಟಾಪ್ ಅಡಾಪ್ಟರಲ್ಲಿ ಲಿಥಿಯಂ ಚಾರ್ಜ್ ಮಾಡುದಾ? 12.6 ವೋಲ್ಟಿನ ಲಿಥಿಯಂ ಚಾರ್ಜರೇ ಬೇಕು. ಅದನ್ನ ಮನೆ ಒಳಗೆ ಇಟ್ಟು ಮಲಗ್ಬೇಡಿ ಮಾರಾಯ್ರೆ.

ಹುಬ್ಳಿಬಲ್ಬ್
ಸೆಲ್ ಮ್ಯಾಲ ಸೀದಾ ಸೋಲ್ಡರ್ ಮಾಡೀರಿ, ಫೋಟೋದಾಗ ಕಾಣ್ತೈತಿ. ಅಷ್ಟ ಬಿಸಿ ತಾಗಿದ್ರ ಸೆಲ್ ಒಳಗ ಕೆಡತೈತ್ರಿ.

ಕತ್ತಲೆರಾಯ
ನಾನೂ ಸೋಲ್ಡರೇ ಮಾಡೋದು, ಏನೂ ಆಗಿಲ್ಲ.

ಕರಾವಳಿಕರೆಂಟ್
ಏನೂ ಆಗಿಲ್ಲ ಅನ್ನುದು ಆಗುವ ತನಕ ಮಾತ್ರ.

(ಇದರ ಮೇಲೆ ಹತ್ತು ಪೋಸ್ಟ್ ಜಗಳ ನಡೀತು, ಬೇರೆ ಎಳೆಗೆ ಸಾಗಿಸಿದೀನಿ. - ನಿರ್ವಾಹಕ)

ಹುಬ್ಳಿಬಲ್ಬ್
ಕಾಫಿಗಿಡ ಅಣ್ಣಾ, ಮನ್ಯಾಗ ಔಷಧಿ ಹೊಡಿಯೋ ಬ್ಯಾಟರಿ ಸ್ಪ್ರೇಯರ್ ಐತೇನ್ರಿ? ಅದರಾಗ 12 ವೋಲ್ಟಿನ ಬ್ಯಾಟರಿ ಇರತೈತಿ. ಒಂದ್ ಸಲ ಅದಕ್ಕ ಕೊಟ್ಟು ನೋಡ್ರಿ. ಆಫ್ ಆಗದಿದ್ರ ನಿಮ್ಮ ಸೆಲ್ಲಿಂದ ತಪ್ಪು, ಆಫ್ ಆದ್ರ ಉಳಿದದ್ದು ನೋಡೋಣ. ಒಂದ್ ರೂಪಾಯಿ ಖರ್ಚಿಲ್ಲ.

ಓಮಣ್ಣ
ಒಳ್ಳೇ ಐಡಿಯಾ. ಆದ್ರೆ ಸೀದಾ ಕೊಡ್ಬೇಡಿ. ಆ ಬ್ಯಾಟರಿ ಸುಸ್ತಾಗಿಲ್ಲ, ಕೇಳಿದಷ್ಟು ಕರೆಂಟ್ ಕೊಡುತ್ತೆ. ಕರೆಂಟ್ ಮಿತಿಯಲ್ಲಿಡೋಕೆ ಚಿಪ್ಪಿಗೊಂದರಂತೆ 3.3 ಓಮ್, 5 ವಾಟ್ ರೆಸಿಸ್ಟರ್ ಹಾಕಿ.

ಕಾಫಿಗಿಡ
ಎರಡೂ ಮಾಡಿದೆ. ಉರೀತಿರುವಾಗ ಎರಡು ಜೋಡಿ 3.6, 3.5. ಮೂರನೇದು 3.1, 2.9, 2.7, ಟಪ್. ಓಮಣ್ಣ, ಕಾಲಿಗೆ ಬಿದ್ದೆ. ಸ್ಪ್ರೇಯರ್ ಬ್ಯಾಟರಿಗೆ ಕೊಟ್ರೆ ಆಫೇ ಆಗ್ಲಿಲ್ಲ, ಬೆಳಕೂ ಇನ್ನೂ ಜಾಸ್ತಿ! ಹತ್ತು ನಿಮಿಷ ಖುಷಿಯಾಗಿ ಉರೀತು. ಆಮೇಲೆ ಮಧ್ಯದ ಚಿಪ್ ನೀಲಿ ಬಣ್ಣಕ್ಕೆ ತಿರುಗಿ ಸತ್ತೋಯ್ತು. ಮುಚ್ಚಳ ಮುಟ್ಟಿ ಬೆರಳು ಸುಟ್ಕೊಂಡೆ. ರೆಸಿಸ್ಟರ್ ತರೋಕೆ ಪೇಟೆಗೆ ಹೋಗ್ಬೇಕಿತ್ತು, ಹಾಕಿರ್ಲಿಲ್ಲ.

ಹೀಟ್‌ಸಿಂಕ್‌ಪ್ರೇಮಿ
ನಾನು ಮೊದಲನೇ ದಿನ ಏನ್ ಹೇಳಿದ್ದೆ?

ಓಮಣ್ಣ
ನೀವು ಹೇಳಿದ್ದು ಆಫ್ ಆಗೋಕೆ ಕಾರಣ ಬಿಸಿ ಅಂತ. ಅದು ಆಗಲೂ ತಪ್ಪು, ಈಗಲೂ ತಪ್ಪು. ಸತ್ತಿದ್ದು ಬಿಸಿಗೆ, ಒಪ್ಪಿದೆ. ಸುಸ್ತಾದ ಸೆಲ್ಲೇ ಇಷ್ಟು ದಿನ ಚಿಪ್ಪನ್ನ ಕಾಪಾಡ್ತಿತ್ತು.

ಹೀಟ್‌ಸಿಂಕ್‌ಪ್ರೇಮಿ
ಸ್ಕ್ರೀನ್‌ಶಾಟ್ ತೆಗೆದಿಟ್ಕೊಂಡೆ. ಕಾಫಿಗಿಡ ಅವ್ರೇ, ಕಿಟಕಿ ಬಾಗಿಲು ಮಾಡೋ ಫ್ಯಾಬ್ರಿಕೇಷನ್ ಅಂಗಡಿಲಿ ಅಲ್ಯೂಮಿನಿಯಂ ಸೆಕ್ಷನ್ ತುಂಡು ತೂಕಕ್ಕೆ ಕೊಡ್ತಾರೆ. ದಪ್ಪ ಇರೋದನ್ನ ಆರಿಸಿ.

ಕರಾವಳಿಕರೆಂಟ್
ಇನ್ನೊಂದು. ಆ ಅಗಲದ ಚಿಪ್ಪಲ್ಲಿ ಅಂಗಳ ಬೆಳಗ್ತದೆ, ದೂರ ಹೋಗುದಿಲ್ಲ. ತೋಟದ ಆಚೆ ತುದಿ ಕಾಣ್ಬೇಕಾದ್ರೆ ಸಣ್ಣ ಎಲ್‌ಇಡಿ ಒಂದೇ, ಆಳದ ರಿಫ್ಲೆಕ್ಟರ್ ಒಂದೇ ಸಾಕು. ದೂರ ಎರಡು ಪಟ್ಟಾದ್ರೆ ಬೆಳಕು ನಾಲ್ಕು ಪಟ್ಟು ಬೇಕು, ಏಳು ಚಿಪ್ ಹದಿನಾಲ್ಕು ಮಾಡಿದ್ರೂ ಲಾಭ ಕಮ್ಮಿ. ಮತ್ತೆ ಆನೆ ಮುಖಕ್ಕೆ ಬಿಡ್ಬೇಡಿ, ನಿಮ್ಮ ಕಡೆಗೇ ತಿರುಗೀತು.

ಕಾಫಿಗಿಡ
ಮುಖಕ್ಕೆ ಬಿಡೋ ಧೈರ್ಯ ಯಾರಿಗಿದೆ, ಹಟ್ಟಿಯಿಂದ ಮನೆಗೆ ಬರೋ ದಾರಿ ಕಂಡ್ರೆ ಸಾಕು. ಅಮ್ಮನ ಹಳೇ ಕುಕ್ಕರ್ ತಳ ದಪ್ಪ ಅಲ್ಯೂಮಿನಿಯಂ ಇದೆ, ಚಪ್ಪಟೆ ಕೂಡ. ಆಗುತ್ತಾ?

ಹೀಟ್‌ಸಿಂಕ್‌ಪ್ರೇಮಿ
ಭರ್ಜರಿಯಾಗಿ ಆಗುತ್ತೆ. ಅಮ್ಮನ್ನ ಕೇಳಿ ಕತ್ತರಿಸಿ.

ಹುಬ್ಳಿಬಲ್ಬ್
ಸ್ಪ್ರೇಯರ್ ಬ್ಯಾಟರಿ ವಾಪಸ್ ಇಟ್ರ್ಯಾ?

ಕಾಫಿಗಿಡ
ಇಲ್ಲ ಅಣ್ಣ, ಚಾರ್ಜ್ ಅರ್ಧ ಇಳಿದಿದೆ. ಬೆಳಿಗ್ಗೆ ಕಳೆಗೆ ಔಷಧಿ ಹೊಡೆಯೋದಿದೆ ಅಂತ ಅಪ್ಪ ಆಗ್ಲೇ ಹುಡುಕ್ತಿದಾರೆ.